ಕುಕಿಯಲ್ಲಿರುವ ಆಯ್ಕೆಯನ್ನು ವಿಡಿಯೊಗೆ ಮುಟ್ಟಿಸುವುದು ಹೇಗೆ: ಜಾವಾಸ್ಕ್ರಿಪ್ಟ್ ಮಾರ್ಗದರ್ಶಿ

ಬಾದಾಮಿಯಲ್ಲಿ ಗೈಡ್ ಆಗಿರುವ ಗೆಳೆಯರೊಬ್ಬರಿಗೆ ಒಂದು ಚಿಕ್ಕ ವೆಬ್‌ಸೈಟ್ ಇದೆ. ಬಾದಾಮಿ ಗುಹೆಗಳು, ಐಹೊಳೆ, ಪಟ್ಟದಕಲ್ಲು, ಕಪ್ಪೆ ಅರಭಟ್ಟನ ಶಾಸನ, ಹೀಗೆ ಒಂದೊಂದಕ್ಕೂ ಒಂದು ಪುಟ, ಪುಟಕ್ಕೊಂದು ವಿಡಿಯೊ. ಸೈಟ್‌ನ ಮೊದಲ ಪುಟದಲ್ಲಿ ಭಾಷೆ ಆರಿಸಬೇಕು: ಕನ್ನಡ, ಮರಾಠಿ, ಹಿಂದಿ, ಇಂಗ್ಲಿಷ್. ಅವರ ಹತ್ತಿರ ಸೊಲ್ಲಾಪುರ ಕಡೆಯವರು ಜಾಸ್ತಿ ಬರುತ್ತಾರೆ, ಹಾಗಾಗಿ ಮರಾಠಿ ಬೇಕೇ ಬೇಕು. ಆದರೆ ಮರಾಠಿ ಆರಿಸಿ ಒಳಗೆ ಹೋದರೂ ವಿಡಿಯೊದ ಸಬ್‌ಟೈಟಲ್ ಇಂಗ್ಲಿಷ್‌ನಲ್ಲೇ ಬರುತ್ತಿತ್ತು. ಮುಂದಿನ ಪುಟಕ್ಕೆ ಹೋದರೆ ಮತ್ತೆ ಅದೇ ಕಥೆ. ‘ಒಮ್ಮೆ ಹೇಳಿದ ಮ್ಯಾಲ ಮತ್ತ ಮತ್ತ ಯಾಕ ಕೇಳ್ತೈತ್ರೀ ಇದು?’ ಎಂದು ಅವರು ನನ್ನನ್ನು ಕೇಳಿದರು.

ನ್ಯಾಯವಾದ ಪ್ರಶ್ನೆ. ಜನ ಆರಿಸಿದ ಭಾಷೆ ಬ್ರೌಸರ್‌ನ ಕುಕಿಯಲ್ಲಿ ಸರಿಯಾಗಿಯೇ ಕೂತಿತ್ತು. ವಿಡಿಯೊ ಪ್ಲೇಯರ್‌ಗೆ ಅದನ್ನು ಯಾರೂ ಹೇಳಿರಲಿಲ್ಲ, ಅಷ್ಟೇ. ಆ ಹೇಳುವ ಕೆಲಸವನ್ನು ಜಾವಾಸ್ಕ್ರಿಪ್ಟ್‌ನಿಂದ ಹೇಗೆ ಮಾಡಿಸುವುದು ಎಂದು ಇಲ್ಲಿ ಮೊದಲಿನಿಂದ ಬರೆಯುತ್ತೇನೆ.

ಬಾಗಲಕೋಟೆಯ ನವನಗರದಲ್ಲಿ ನನ್ನ ಹತ್ತಿರ ಕಲಿಯಲು ಬರುವ ಹುಡುಗ ಹುಡುಗಿಯರಿಗೆ ಕೋಡ್ ಸಾಲುಗಳನ್ನು ಬಾಯಲ್ಲಿ ಓದಿ ಹೇಳುವ ರೂಢಿ ನನಗಿದೆ. ಇಲ್ಲೂ ಹಾಗೇ ಬರೆದಿದ್ದೇನೆ. ‘ಡಾಕ್ಯುಮೆಂಟ್ ಡಾಟ್ ಕುಕಿ’ ಎಂದು ಬರೆದಿದ್ದರೆ ನೀವು ಎಡಿಟರ್‌ನಲ್ಲಿ ಅದನ್ನು ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಿಕೊಳ್ಳಿ.

ಕುಕಿ ಅಂದರೆ ಒಂದು ಚೀಟಿ

ಕಿರಾಣಿ ಅಂಗಡಿಯವರು ಒಂದು ಚೀಟಿ ಬರೆದು ನಿಮ್ಮ ಕೈಗೇ ಕೊಡುತ್ತಾರೆ ಎಂದುಕೊಳ್ಳಿ. ಮುಂದಿನ ಸಲ ಹೋದಾಗ ಅದನ್ನು ತೋರಿಸಿದರೆ ಅವರಿಗೆ ನಿಮ್ಮ ಲೆಕ್ಕ ನೆನಪಾಗುತ್ತದೆ. ಕುಕಿಯೂ ಅಷ್ಟೇ. 1994ರಲ್ಲಿ ನೆಟ್‌ಸ್ಕೇಪ್ ಕಂಪನಿಯಲ್ಲಿದ್ದ ಲೂ ಮೊಂಟುಲ್ಲಿ ಇದನ್ನು ಬ್ರೌಸರ್‌ಗೆ ತಂದರು. ಒಂದು ಕುಕಿಯಲ್ಲಿ ಸುಮಾರು 4096 ಬೈಟ್ ಹಿಡಿಸುತ್ತದೆ. ಬ್ರೌಸರ್ ಆ ಸೈಟ್‌ಗೆ ಏನೇ ಕೇಳಿಕೊಂಡು ಹೋದರೂ ಚೀಟಿಯನ್ನು ಜೊತೆಗೆ ಒಯ್ಯುತ್ತದೆ.

ಈ ಚೀಟಿಗಳಲ್ಲಿ ಎರಡು ಬಗೆ. ಒಂದು, ಜಾವಾಸ್ಕ್ರಿಪ್ಟ್ ಓದಬಹುದಾದದ್ದು. ಇನ್ನೊಂದು, ‘ಎಚ್‌ಟಿಟಿಪಿ ಓನ್ಲಿ’ ಎಂಬ ಗುರುತು ಹಾಕಿ ಸರ್ವರ್ ಕೊಟ್ಟದ್ದು. ಎರಡನೆಯದು ಜಾವಾಸ್ಕ್ರಿಪ್ಟ್‌ಗೆ ಕಾಣುವುದೇ ಇಲ್ಲ. ಲಾಗಿನ್ ಆದವರು ಯಾರೆಂದು ಸರ್ವರ್‌ಗೆ ತೋರಿಸುವ ಸೆಷನ್ ಕುಕಿ ಯಾವಾಗಲೂ ಈ ಎರಡನೇ ಬಗೆಯದೇ ಆಗಿರಬೇಕು. ಅದನ್ನು ಪ್ಲೇಯರ್‌ಗೆ ಕೊಡಲು ಆಗುತ್ತಿಲ್ಲ ಎಂದು ಗುರುತು ತೆಗೆದುಹಾಕುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಪ್ಲೇಯರ್‌ಗೆ ಬೇಕಾದದ್ದು ಭಾಷೆ, ಧ್ವನಿಯ ಮಟ್ಟ, ಎಲ್ಲಿಗೆ ನಿಲ್ಲಿಸಿದ್ದರು ಎಂಬ ಸೆಕೆಂಡು. ಈ ಮೂರು ಮಾತು ಹೇಳಿದರೆ ಸಾಕು. ಜೇಬಿನಲ್ಲಿರುವ ಚೀಟಿಗಳನ್ನೆಲ್ಲ ಅದರ ಕೈಗೆ ಕೊಡುವ ಅಗತ್ಯ ಇಲ್ಲ.

ಹಂತ 1: ಚೀಟಿ ಬರೆಯುವುದು

ಭಾಷೆಯ ಬಟನ್ ಒತ್ತಿದಾಗ ‘ಡಾಕ್ಯುಮೆಂಟ್ ಡಾಟ್ ಕುಕಿ’ಗೆ ಒಂದು ಸಾಲು ಕೊಡಬೇಕು. ಆ ಸಾಲು ಹೀಗಿರುತ್ತದೆ:

ಲ್ಯಾಂಗ್=ಕೆಎನ್; ಪಾಥ್=/; ಮ್ಯಾಕ್ಸ್-ಏಜ್=2592000; ಸೇಮ್‌ಸೈಟ್=ಲ್ಯಾಕ್ಸ್; ಸೆಕ್ಯೂರ್

ನೋಡಿದರೆ ಹಳೆಯದನ್ನೆಲ್ಲ ಅಳಿಸಿ ಹೊಸದು ಬರೆದಂತೆ ಕಾಣುತ್ತದೆ, ಅಲ್ವಾ? ಹಾಗಲ್ಲ. ಆ ಹೆಸರಿನ ಒಂದು ಕುಕಿ ಮಾತ್ರ ಬದಲಾಗುತ್ತದೆ, ಉಳಿದವು ಹಾಗೇ ಇರುತ್ತವೆ. ಮ್ಯಾಕ್ಸ್-ಏಜ್ ಅಂದರೆ ಕುಕಿ ಎಷ್ಟು ಸೆಕೆಂಡು ಉಳಿಯಬೇಕು ಎಂಬುದು, 2592000 ಎಂದರೆ 30 ದಿನಗಳ ಸೆಕೆಂಡು. ಸೇಮ್‌ಸೈಟ್ ಅಂದರೆ ಬೇರೆ ಸೈಟ್‌ನಿಂದ ಬಂದ ಕೋರಿಕೆಯ ಜೊತೆ ಕುಕಿ ಹೋಗಬೇಕೇ ಎಂಬುದು, ಸೆಕ್ಯೂರ್ ಅಂದರೆ ಎಚ್‌ಟಿಟಿಪಿಎಸ್ ವಿಳಾಸವಿದ್ದರೆ ಮಾತ್ರ ಕಳಿಸು ಎಂಬ ಗುರುತು.

ಇದರಲ್ಲಿ ಎಲ್ಲರೂ ಮರೆಯುವುದು ಪಾಥ್, ಅಂದರೆ ಕುಕಿ ಯಾವ ಫೋಲ್ಡರ್‌ನ ಪುಟಗಳಿಗೆ ಸಿಗಬೇಕು ಎಂಬುದು. ಅದನ್ನು ಬಿಟ್ಟರೆ ಬ್ರೌಸರ್ ಈಗಿನ ಪುಟ ಇರುವ ಫೋಲ್ಡರನ್ನೇ ಹಿಡಿದುಕೊಳ್ಳುತ್ತದೆ. ಬಾದಾಮಿ ಫೋಲ್ಡರ್‌ನ ಪುಟದಲ್ಲಿ ಭಾಷೆ ಆರಿಸಿದರೆ ಐಹೊಳೆ ಫೋಲ್ಡರ್‌ನ ಪುಟಕ್ಕೆ ಅದು ಗೊತ್ತೇ ಆಗುವುದಿಲ್ಲ. ಗೆಳೆಯರ ಸೈಟ್‌ನಲ್ಲಿ ನಾನು ಮೊದಲು ಹಿಡಿದ ತಪ್ಪು ಇದೇ. ಸರಿ ಮಾಡಿದ ಮೇಲೂ ಕೆಲವರ ಫೋನಿನಲ್ಲಿ ಹಳೆಯ ಭಾಷೆಯೇ ಬರುತ್ತಿತ್ತು. ಕಾರಣ, ಒಂದೇ ಹೆಸರಿನ ಎರಡು ಕುಕಿಗಳು ಬೇರೆ ಬೇರೆ ಪಾಥ್‌ನಲ್ಲಿ ಒಟ್ಟಿಗೆ ಇರಬಹುದು. ಓದುವಾಗ ಉದ್ದ ಪಾಥ್ ಇರುವುದು ಮೊದಲು ಸಿಗುತ್ತದೆ. ಹಳೆಯದನ್ನು ಅದರದೇ ಪಾಥ್ ಹಾಕಿ, ಮ್ಯಾಕ್ಸ್-ಏಜ್ 0 ಕೊಟ್ಟು ಅಳಿಸಿದ ಮೇಲೆ ಸರಿ ಹೋಯಿತು.

ಕುಕಿಯಲ್ಲಿ ‘ಕನ್ನಡ’ ಎಂದು ಪೂರ್ತಿ ಬರೆಯಬೇಕೆಂಬ ಆಸೆ ನನಗೂ ಇದೆ. ಬರೆಯಬಹುದು ಕೂಡ. ಆದರೆ ಮೊದಲು ‘ಎನ್‌ಕೋಡ್ ಯುಆರ್‌ಐ ಕಾಂಪೊನೆಂಟ್’ ಎಂಬ ಫಂಕ್ಷನ್‌ನಲ್ಲಿ ಹಾಕಿ ತೆಗೆಯಬೇಕು. ಒಂದೊಂದು ಕನ್ನಡ ಅಕ್ಷರ ಚಿಹ್ನೆಗೂ ಯುಟಿಎಫ್-8ರಲ್ಲಿ 3 ಬೈಟ್ ಬೇಕು. ಎನ್‌ಕೋಡ್ ಆದಾಗ ಅದು 9 ಅಕ್ಷರವಾಗುತ್ತದೆ. ‘ಕನ್ನಡ’ ಪದದಲ್ಲಿ ಒತ್ತಿಗೆ ಬಳಸುವ ವಿರಾಮ ಚಿಹ್ನೆಯೂ ಸೇರಿ 5 ಚಿಹ್ನೆಗಳಿವೆ, ಅಂದರೆ 45 ಅಕ್ಷರ. ಎರಡಕ್ಷರದ ಕೆಎನ್ ಸಾಕಿರುವಾಗ 45 ಯಾಕೆ? ಮರಾಠಿಗೆ ಎಂಆರ್, ಹಿಂದಿಗೆ ಎಚ್‌ಐ, ಇಂಗ್ಲಿಷ್‌ಗೆ ಇಎನ್. ಸಬ್‌ಟೈಟಲ್ ಟ್ರ್ಯಾಕ್‌ಗಳೂ ಇದೇ ಗುರುತನ್ನು ಬಳಸುತ್ತವೆ, ಹಾಗಾಗಿ ಮುಂದೆ ಹೊಂದಿಸುವ ಕೆಲಸವೂ ಉಳಿಯುತ್ತದೆ. ಪುಟದ ಮೇಲೆ ಕಾಣುವ ಹೆಸರು ಮಾತ್ರ ಅಚ್ಚ ಕನ್ನಡದಲ್ಲೇ ಇರಲಿ.

ಹಂತ 2: ಚೀಟಿ ಓದುವುದು

‘ಡಾಕ್ಯುಮೆಂಟ್ ಡಾಟ್ ಕುಕಿ’ಯನ್ನು ಓದಿದರೆ ಎಲ್ಲ ಕುಕಿಗಳೂ ಒಂದೇ ಉದ್ದ ಸಾಲಿನಲ್ಲಿ ಬರುತ್ತವೆ:

ಲ್ಯಾಂಗ್=ಕೆಎನ್; ವಾಲ್=0.6; ಪೋಸ್=760

ಇಲ್ಲಿ ವಾಲ್ ಅಂದರೆ ಧ್ವನಿಯ ಮಟ್ಟ, ಪೋಸ್ ಅಂದರೆ ನಿಲ್ಲಿಸಿದ ಸೆಕೆಂಡು. ಪಾಥ್, ಅವಧಿ ಇವು ಯಾವುವೂ ವಾಪಸ್ ಬರುವುದಿಲ್ಲ. ಹೆಸರು ಮತ್ತು ಬೆಲೆ (ಸಮ ಚಿಹ್ನೆಯ ಬಲಗಡೆ ಇರುವ ‘ವ್ಯಾಲ್ಯೂ’), ಎರಡೇ. ಇದನ್ನು ಬಿಡಿಸಲು ನಾಲ್ಕು ಕೆಲಸ ಮಾಡುವ ಒಂದು ಚಿಕ್ಕ ಫಂಕ್ಷನ್ ಬರೆದುಕೊಳ್ಳಿ. ಸಾಲನ್ನು ಅರ್ಧವಿರಾಮ ಇರುವ ಕಡೆ ‘ಸ್ಪ್ಲಿಟ್’ನಿಂದ ತುಂಡು ಮಾಡಿ. ಪ್ರತಿ ತುಂಡಿನ ಅಕ್ಕಪಕ್ಕದ ಖಾಲಿ ಜಾಗವನ್ನು ‘ಟ್ರಿಮ್’ನಿಂದ ತೆಗೆಯಿರಿ. ಮೊದಲ ಸಮ ಚಿಹ್ನೆ ಎಲ್ಲಿದೆ ನೋಡಿ. ಅದರ ಎಡಗಡೆ ಇರುವುದು ನಿಮಗೆ ಬೇಕಾದ ಹೆಸರೇ ಎಂದು ಪೂರ್ತಿ ಹೋಲಿಸಿ, ಹೌದಾದರೆ ಬಲಗಡೆ ಇರುವುದನ್ನು ಡಿಕೋಡ್ ಮಾಡಿ ಕೊಡಿ. ಸಿಗದಿದ್ದರೆ ‘ನಲ್’, ಅಂದರೆ ಏನೂ ಇಲ್ಲ ಎಂಬ ಗುರುತು, ಕೊಡಿ.

ಪೂರ್ತಿ ಹೋಲಿಸಿ ಎಂದು ಒತ್ತಿ ಹೇಳಲು ಕಾರಣ ಇದೆ. ಅನೇಕ ಹುಡುಗರು ಉದ್ದ ಸಾಲಿನಲ್ಲಿ ‘ಪೋಸ್=’ ಎಂಬ ತುಣುಕು ಎಲ್ಲಿದೆ ಎಂದು ಹುಡುಕಿ ಕೆಲಸ ಮುಗಿಸುತ್ತಾರೆ. ಸೈಟ್‌ನಲ್ಲಿ ‘ಲಾಸ್ಟ್‌ಪೋಸ್’ ಎಂಬ ಇನ್ನೊಂದು ಕುಕಿ ಇದ್ದರೆ ಆ ಹುಡುಕಾಟ ಅದರ ಬಾಲವನ್ನು ಹಿಡಿದುಕೊಂಡು ತಪ್ಪು ಸಂಖ್ಯೆ ತರುತ್ತದೆ. ದೋಷ ಯಾವಾಗಲೂ ಕಾಣಿಸುವುದಿಲ್ಲ, ಯಾಕೆಂದರೆ ಕುಕಿಗಳ ಸಾಲು ಎಲ್ಲರ ಬ್ರೌಸರ್‌ನಲ್ಲೂ ಒಂದೇ ಕ್ರಮದಲ್ಲಿ ಇರಬೇಕೆಂದಿಲ್ಲ. ಇಂಥದನ್ನು ಹುಡುಕಲು ಇಡೀ ದಿನ ಹೋಗುತ್ತದೆ.

ಡಿಕೋಡ್ ಮಾಡುವ ಸಾಲನ್ನು ‘ಟ್ರೈ-ಕ್ಯಾಚ್’ ಒಳಗೆ ಇಡಿ. ಶೇಕಡಾ ಚಿಹ್ನೆ ಅರ್ಧಂಬರ್ಧ ಇರುವ ಬೆಲೆ ಬಂದರೆ ಆ ಫಂಕ್ಷನ್ ದೋಷ ಎಸೆಯುತ್ತದೆ. ಆಗ ಮುಂದಿನ ಸ್ಕ್ರಿಪ್ಟ್ ನಿಂತುಬಿಡುತ್ತದೆ.

ಹಂತ 3: ಬಂದ ಬೆಲೆಯನ್ನು ಪರೀಕ್ಷಿಸುವುದು

ಕುಕಿ ಇರುವುದು ನೋಡುಗರ ಬ್ರೌಸರ್‌ನಲ್ಲಿ. ಯಾರು ಬೇಕಾದರೂ ಡೆವಲಪರ್ ಟೂಲ್ಸ್ ತೆರೆದು ಅದನ್ನು ತಿದ್ದಬಹುದು. ಹಾಗಾಗಿ ಓದಿದ್ದನ್ನು ಹಾಗೇ ನಂಬಬೇಡಿ. ಭಾಷೆ ನಮ್ಮ ನಾಲ್ಕರ ಪಟ್ಟಿಯಲ್ಲಿ ಇದೆಯೇ? ಇಲ್ಲದಿದ್ದರೆ ಕನ್ನಡ. ಧ್ವನಿ 0 ಮತ್ತು 1ರ ನಡುವಿನ ಸಂಖ್ಯೆಯೇ? ಸೆಕೆಂಡು ನಿಜವಾದ ಸಂಖ್ಯೆಯೇ, 0ಗಿಂತ ಜಾಸ್ತಿ ಇದೆಯೇ? ‘ನಂಬರ್ ಡಾಟ್ ಈಸ್ ಫೈನೈಟ್’ ಇದಕ್ಕೆ ಒಳ್ಳೆಯ ಜರಡಿ. ಒಂದು ಸೂಕ್ಷ್ಮ ಇದೆ: ‘ನಲ್’ ಅಥವಾ ಖಾಲಿ ಬೆಲೆಯನ್ನು ಸಂಖ್ಯೆ ಮಾಡಿದರೆ ಜಾವಾಸ್ಕ್ರಿಪ್ಟ್ 0 ಕೊಡುತ್ತದೆ. ಆಗ ಹೊಸಬರಿಗೆ ವಿಡಿಯೊ ಧ್ವನಿಯೇ ಇಲ್ಲದೆ ಶುರುವಾಗುತ್ತದೆ. ಅದಕ್ಕೇ ‘ನಲ್’ ಆಗಿದೆಯೇ ಎಂದು ಮೊದಲು ನೋಡಿ, ಆಮೇಲೆ ಸಂಖ್ಯೆ ಮಾಡಿ.

ಕುಕಿಯ ಬೆಲೆಯನ್ನು ‘ಇನ್ನರ್ ಎಚ್‌ಟಿಎಂಎಲ್’ಗೆ ಅಂಟಿಸಿ ಪ್ಲೇಯರ್‌ನ ಟ್ಯಾಗ್ ಕಟ್ಟುವುದಂತೂ ಬೇಡವೇ ಬೇಡ. ಬೇರೆ ಯಾರೋ ಬರೆದ ಸ್ಕ್ರಿಪ್ಟ್ ನಿಮ್ಮ ಪುಟದಲ್ಲಿ ಓಡಲು ಅದೇ ಬಾಗಿಲಾಗುತ್ತದೆ.

ಹಂತ 4: ವಿಡಿಯೊ ನಿಮ್ಮ ಪುಟದಲ್ಲೇ ಇದ್ದರೆ

ಪುಟದಲ್ಲಿ ನೇರವಾಗಿ ವಿಡಿಯೊ ಟ್ಯಾಗ್ ಇದ್ದರೆ ಅರ್ಧ ಕೆಲಸ ಮುಗಿದಂತೆ. ಪ್ಲೇಯರ್ ಮತ್ತು ಸ್ಕ್ರಿಪ್ಟ್ ಒಂದೇ ಮನೆಯವರು. ಸಬ್‌ಟೈಟಲ್‌ಗಳನ್ನು ಟ್ರ್ಯಾಕ್ ಟ್ಯಾಗ್‌ಗಳಾಗಿ ಇಟ್ಟು, ಪ್ರತಿಯೊಂದಕ್ಕೂ ‘ಎಸ್‌ಆರ್‌ಸಿ ಲ್ಯಾಂಗ್’ನಲ್ಲಿ ಭಾಷೆಯ ಗುರುತು ಬರೆಯಿರಿ. ಆಮೇಲೆ ವಿಡಿಯೊದ ‘ಟೆಕ್ಸ್ಟ್ ಟ್ರ್ಯಾಕ್ಸ್’ ಪಟ್ಟಿಯನ್ನು ಒಂದೊಂದಾಗಿ ನೋಡುತ್ತಾ ಹೋಗಿ. ಕುಕಿಯ ಭಾಷೆಗೆ ಹೊಂದುವ ಟ್ರ್ಯಾಕ್‌ನ ‘ಮೋಡ್’ ಅನ್ನು ‘ಶೋಯಿಂಗ್’ ಮಾಡಿ, ಉಳಿದವನ್ನು ‘ಡಿಸೇಬಲ್ಡ್’ ಮಾಡಿ.

ನಿಲ್ಲಿಸಿದ ಜಾಗದಿಂದ ಮುಂದುವರಿಸುವುದು ‘ಕರೆಂಟ್ ಟೈಮ್’ ಕೆಲಸ. ಇದನ್ನು ಪುಟ ತೆರೆದ ಕೂಡಲೇ ಕೊಡಬೇಡಿ. ವಿಡಿಯೊ ಎಷ್ಟು ಉದ್ದ ಇದೆ ಎಂಬುದೇ ಬ್ರೌಸರ್‌ಗೆ ಆಗ ಗೊತ್ತಿರುವುದಿಲ್ಲ. ‘ಲೋಡೆಡ್ ಮೆಟಾಡೇಟಾ’ ಎಂಬ ಘಟನೆಗೆ ಕಾದು, ‘ಡ್ಯುರೇಷನ್’ಗೆ ಹೋಲಿಸಿ ಕೊಡಿ. ಕೊನೆಯ 10 ಸೆಕೆಂಡಿನೊಳಗೆ ಇದ್ದರೆ ಮೊದಲಿನಿಂದ ಶುರು ಮಾಡುವುದು ಒಳ್ಳೆಯದು. ಇಲ್ಲದಿದ್ದರೆ ಮತ್ತೆ ನೋಡಲು ಬಂದವರಿಗೆ ‘ಧನ್ಯವಾದಗಳು’ ಎಂಬ ಕೊನೆಯ ಪರದೆ ಮಾತ್ರ ಕಾಣುತ್ತದೆ.

ಇಷ್ಟೆಲ್ಲ ಮಾಡಿದರೂ ವಿಡಿಯೊ ಪದೇ ಪದೇ 0ಕ್ಕೇ ಬರುತ್ತಿದ್ದರೆ ನಿಮ್ಮ ಕೋಡ್ ಬಿಟ್ಟು ಸರ್ವರ್ ಕಡೆ ನೋಡಿ. ವಿಡಿಯೊದ ನಡುವಿನ ತುಂಡನ್ನು ಮಾತ್ರ ಕೊಡಲು ಸರ್ವರ್‌ಗೆ ಬರಬೇಕು. ಬಂದರೆ ಡೆವಲಪರ್ ಟೂಲ್ಸ್‌ನ ನೆಟ್‌ವರ್ಕ್ ಟ್ಯಾಬ್‌ನಲ್ಲಿ 206 ಎಂಬ ಉತ್ತರ ಕಾಣುತ್ತದೆ. ಸುಮ್ನೆ 200 ಕಂಡರೆ ಸರ್ವರ್ ಪೂರ್ತಿ ಫೈಲನ್ನೇ ಕಳಿಸುತ್ತಿದೆ ಎಂದರ್ಥ.

ಧ್ವನಿಯದು ಚಿಕ್ಕ ಕೆಲಸ, ‘ವಾಲ್ಯೂಮ್’ಗೆ ಕುಕಿಯ ಸಂಖ್ಯೆ ಕೊಟ್ಟರಾಯಿತು. ಐಫೋನ್‌ನಲ್ಲಿ ಮಾತ್ರ ಜಾವಾಸ್ಕ್ರಿಪ್ಟ್ ಧ್ವನಿ ಬದಲಿಸಲು ಆಗುವುದಿಲ್ಲ, ಅಲ್ಲಿ ಫೋನಿನ ಬಟನ್‌ದೇ ಮಾತು. ನೋಡುಗರು ಏನೂ ಒತ್ತದೆ ವಿಡಿಯೊ ತಾನಾಗಿ ಸದ್ದು ಮಾಡುತ್ತಾ ಓಡಲು 2018ರಿಂದ ಕ್ರೋಮ್ ಬಿಡುವುದಿಲ್ಲ. ‘ಪ್ಲೇ’ ಫಂಕ್ಷನ್ ಒಂದು ಪ್ರಾಮಿಸ್ ಕೊಡುತ್ತದೆ, ಅಂದರೆ ಕೆಲಸ ಆಯಿತೋ ಇಲ್ಲವೋ ಆಮೇಲೆ ಹೇಳುತ್ತೇನೆ ಎಂಬ ಮಾತು. ಅದು ಮುರಿದರೆ ದೊಡ್ಡದಾಗಿ ಒಂದು ಪ್ಲೇ ಬಟನ್ ತೋರಿಸಿ.

ಇನ್ನು ಜಾಗ ಉಳಿಸಿಕೊಳ್ಳುವ ಬಗೆ. ವಿಡಿಯೊ ಓಡುವಾಗ ‘ಟೈಮ್ ಅಪ್‌ಡೇಟ್’ ಘಟನೆ ಸೆಕೆಂಡಿಗೆ ನಾಲ್ಕಾರು ಸಲ ಬರುತ್ತದೆ. ಪ್ರತಿ ಸಲ ಕುಕಿ ಬರೆಯುವುದು ಸುಮ್ನೆ ದಂಡ. 5 ಸೆಕೆಂಡಿಗೊಮ್ಮೆ, ವಿಡಿಯೊ ನಿಲ್ಲಿಸಿದಾಗ, ಮತ್ತೆ ಪುಟ ಕಣ್ಮರೆಯಾದಾಗ ಬರುವ ‘ವಿಸಿಬಿಲಿಟಿ ಚೇಂಜ್’ ಘಟನೆಯಲ್ಲಿ ಬರೆದರೆ ಸಾಕು. ಕೊನೆಯದು ಮುಖ್ಯ. ಗುಹೆಯ ಮೆಟ್ಟಿಲು ಹತ್ತುವವರು ಪುಟವನ್ನು ಮುಚ್ಚುವುದಿಲ್ಲ, ಫೋನನ್ನು ಜೇಬಿಗೆ ಹಾಕಿಕೊಳ್ಳುತ್ತಾರೆ. 578ರ ಶಾಸನ ಇರುವ ಮೂರನೇ ಗುಹೆಯ ಮುಂದೆ ಮತ್ತೆ ಫೋನ್ ತೆಗೆದಾಗ, ವಿಡಿಯೊ ಚಾಲುಕ್ಯರ ಮಂಗಳೇಶನ ಮಾತಿನಿಂದಲೇ ಮುಂದುವರಿದರೆ ಅವರಿಗೆ ಎಷ್ಟು ಅನುಕೂಲ!

ನನ್ನ ಅಭಿಪ್ರಾಯ ಕೇಳಿದರೆ, ಸೆಕೆಂಡಿನ ಲೆಕ್ಕಕ್ಕೆ ಕುಕಿಗಿಂತ ‘ಲೋಕಲ್ ಸ್ಟೋರೇಜ್’ ಎಂಬ ಬ್ರೌಸರ್‌ನೊಳಗಿನ ಉಗ್ರಾಣ ಚೆನ್ನ. ಕುಕಿ ಪ್ರತಿ ಚಿತ್ರ, ಪ್ರತಿ ಫೈಲ್‌ನ ಕೋರಿಕೆಯ ಜೊತೆ ಸರ್ವರ್‌ಗೆ ಹೋಗುತ್ತದೆ, ಲೋಕಲ್ ಸ್ಟೋರೇಜ್ ಹೋಗುವುದಿಲ್ಲ. ಭಾಷೆ ಮಾತ್ರ ಕುಕಿಯಲ್ಲೇ ಇರಲಿ. ಪುಟವನ್ನು ಯಾವ ಭಾಷೆಯಲ್ಲಿ ಕೊಡಬೇಕು ಎಂಬುದು ಸರ್ವರ್‌ಗೂ ಗೊತ್ತಾಗಬೇಕಲ್ಲ.

ಹಂತ 5: ವಿಡಿಯೊ ಬೇರೆ ಸೈಟ್‌ನಿಂದ ಬರುತ್ತಿದ್ದರೆ

ಗೊಂದಲ ಹುಟ್ಟುವುದು ಇಲ್ಲೇ. ಇನ್ನೊಂದು ಪುಟವನ್ನು ತೋರಿಸುವ ‘ಐಫ್ರೇಮ್’ ಎಂಬ ಚೌಕಟ್ಟು ನಿಮ್ಮ ಪುಟದ ಒಳಗೆ ಕಾಣುತ್ತದೆ, ಆದರೆ ಅದರಲ್ಲಿರುವುದು ಬೇರೆ ಸೈಟ್. ಆ ಪ್ಲೇಯರ್ ನಿಮ್ಮ ಕುಕಿ ಓದಲಾರದು, ನೀವು ಅದರ ಕುಕಿ ಓದಲಾರಿರಿ. ಒಳಗಿನ ಸೈಟ್ ತನ್ನದೇ ಕುಕಿ ಇಟ್ಟುಕೊಳ್ಳಲಿ ಎಂದರೂ ಭರವಸೆ ಇಲ್ಲ. ಸಫಾರಿ 2020ರಿಂದ ಇಂಥ ಹೊರಗಿನ ಕುಕಿಗಳನ್ನು ಪೂರ್ತಿ ತಡೆಯುತ್ತದೆ. ಫೈರ್‌ಫಾಕ್ಸ್ 2022ರಿಂದ ಪ್ರತಿ ಸೈಟ್‌ಗೂ ಬೇರೆ ಬೇರೆ ಡಬ್ಬಿಯಲ್ಲಿ ಇಡುತ್ತದೆ. ಹಾಗಾಗಿ ಹೊರಗಿನ ಪುಟ ಕುಕಿ ಓದಿ, ಬೇಕಾದ ಬೆಲೆಯನ್ನು ಒಳಗಿನವರಿಗೆ ಹೇಳುವುದೇ ಗಟ್ಟಿ ದಾರಿ. ಹೇಳಲು ಎರಡು ವಿಧಾನ ಇವೆ.

ಮೊದಲನೆಯದು ವಿಳಾಸದ ಬಾಲಕ್ಕೆ ಕಟ್ಟಿ ಕಳಿಸುವುದು. ಯೂಟ್ಯೂಬ್ ವಿಡಿಯೊಗೆ ಇದೇ ಸರಳ. ಎಂಬೆಡ್ ವಿಳಾಸದಲ್ಲಿ ‘ಸ್ಟಾರ್ಟ್’ಗೆ ಸೆಕೆಂಡು, ‘ಸಿಸಿ ಲ್ಯಾಂಗ್ ಪ್ರಿಫ್’ಗೆ ಸಬ್‌ಟೈಟಲ್‌ನ ಭಾಷೆ, ‘ಸಿಸಿ ಲೋಡ್ ಪಾಲಿಸಿ’ಗೆ 1 ಕೊಟ್ಟರೆ ಸಬ್‌ಟೈಟಲ್ ತಾನಾಗಿ ತೆರೆಯುತ್ತದೆ. ಈ ಹೆಸರುಗಳಲ್ಲಿ ಪದಗಳ ನಡುವೆ ಅಂಡರ್‌ಸ್ಕೋರ್ ಬರುತ್ತದೆ. ‘ಸ್ಟಾರ್ಟ್’ ಪೂರ್ಣಾಂಕವನ್ನೇ ಕೇಳುತ್ತದೆ, 760.4 ಇದ್ದರೆ ‘ಮ್ಯಾಥ್ ಡಾಟ್ ಫ್ಲೋರ್’ನಿಂದ 760 ಮಾಡಿ. ವಿಳಾಸವನ್ನು ಕೈಯಿಂದ ಜೋಡಿಸುವ ಬದಲು ‘ಯುಆರ್‌ಎಲ್ ಸರ್ಚ್ ಪ್ಯಾರಮ್ಸ್’ ಬಳಸಿ, ಪ್ರಶ್ನೆ ಚಿಹ್ನೆ, ಆ್ಯಂಪರ್ಸೆಂಡ್ ಎಲ್ಲ ಅದೇ ನೋಡಿಕೊಳ್ಳುತ್ತದೆ. ಐಫ್ರೇಮ್ ಟ್ಯಾಗ್‌ನಲ್ಲಿ ಮೊದಲು ವಿಳಾಸವನ್ನೇ ಬರೆಯಬೇಡಿ. ಕುಕಿ ಓದಿದ ಮೇಲೆ ಸ್ಕ್ರಿಪ್ಟ್‌ನಿಂದ ‘ಎಸ್‌ಆರ್‌ಸಿ’ ತುಂಬಿಸಿ. ಇಲ್ಲದಿದ್ದರೆ ಪ್ಲೇಯರ್ ಎರಡು ಸಲ ಲೋಡ್ ಆಗಿ ನೋಡುಗರ ಡೇಟಾ ಪೋಲಾಗುತ್ತದೆ.

ವಿಳಾಸದಲ್ಲಿ ಹೋದದ್ದು ಆ ಸರ್ವರ್‌ನ ದಾಖಲೆಗಳಲ್ಲಿ ಉಳಿಯುತ್ತದೆ. ಭಾಷೆ, ಸೆಕೆಂಡು ಹೋದರೆ ಪರವಾಗಿಲ್ಲ. ಹೆಸರು, ಫೋನ್ ನಂಬರ್, ಸೆಷನ್ ಗುರುತು ಎಂದೂ ಹೋಗಬಾರದು.

ಎರಡನೆಯದು ‘ಪೋಸ್ಟ್ ಮೆಸೇಜ್’. ಪ್ಲೇಯರ್‌ನ ಕೋಡ್ ನಿಮ್ಮದೇ ಆಗಿದ್ದು, ಬೇರೆ ಡೊಮೇನ್‌ನಲ್ಲಿ ಇದ್ದರೆ ನಾನು ಇದನ್ನೇ ಆರಿಸುತ್ತೇನೆ. ಇದು ಎರಡು ಮನೆಗಳ ನಡುವೆ ಕೂಗಿ ಮಾತಾಡಿದಂತೆ. ಆ ಕಡೆಯವರು ಎದ್ದಿದ್ದಾರೋ ಇಲ್ಲವೋ ತಿಳಿಯದೆ ಕೂಗಿದರೆ ಮಾತು ಗಾಳಿಗೆ ಹೋಗುತ್ತದೆ. ಹಾಗಾಗಿ ಮೊದಲು ಪ್ಲೇಯರ್ ‘ರೆಡಿ’ ಎಂದು ಹೊರಗಿನ ಪುಟಕ್ಕೆ ಹೇಳಲಿ. ಅದನ್ನು ಕೇಳಿದ ಮೇಲೆ ಹೊರಗಿನ ಪುಟವು ಭಾಷೆ, ಧ್ವನಿ, ಸೆಕೆಂಡು ಇರುವ ಒಂದು ಆಬ್ಜೆಕ್ಟನ್ನು ಐಫ್ರೇಮ್‌ನ ‘ಕಂಟೆಂಟ್ ವಿಂಡೋ’ಗೆ ಕಳಿಸಲಿ. ಪುಟದ ಕೇಳುವ ಕೋಡ್ ಐಫ್ರೇಮ್ ಲೋಡ್ ಆಗುವುದಕ್ಕೆ ಮೊದಲೇ ಸಿದ್ಧ ಇರಬೇಕು, ಇಲ್ಲದಿದ್ದರೆ ಆ ‘ರೆಡಿ’ಯೇ ತಪ್ಪಿಹೋಗುತ್ತದೆ.

ಕಳಿಸುವಾಗ ಎರಡನೇ ಜಾಗದಲ್ಲಿ ಯಾರಿಗೆ ಎಂದು ಬರೆಯಬೇಕು. ಅಲ್ಲಿ ನಕ್ಷತ್ರ ಚಿಹ್ನೆ ಹಾಕಿದರೆ ಯಾರು ಬೇಕಾದರೂ ಕೇಳಿಸಿಕೊಳ್ಳಬಹುದು. ಪ್ಲೇಯರ್‌ನ ಪೂರ್ತಿ ಮೂಲ ವಿಳಾಸವನ್ನೇ ಬರೆಯಿರಿ. ಕೇಳುವ ಕಡೆಯೂ ‘ಇವೆಂಟ್ ಡಾಟ್ ಒರಿಜಿನ್’ ತನಗೆ ಗೊತ್ತಿರುವ ವಿಳಾಸವೇ ಎಂದು ಮೊದಲ ಸಾಲಿನಲ್ಲೇ ನೋಡಬೇಕು, ಅಲ್ಲದಿದ್ದರೆ ಅಲ್ಲೇ ವಾಪಸ್. ಇದನ್ನು ‘ಇನ್‌ಕ್ಲೂಡ್ಸ್’ನಿಂದ ಹುಡುಕಬೇಡಿ, ಪೂರ್ತಿ ಸಮ ಇದೆಯೇ ನೋಡಿ. ನಿಮ್ಮ ಸೈಟ್‌ನ ಹೆಸರನ್ನು ಒಳಗೆ ಸೇರಿಸಿಕೊಂಡ ಇನ್ನೊಂದು ಡೊಮೇನ್ ಕೊಳ್ಳುವುದು ಕಷ್ಟವಲ್ಲ. ಮೂರನೇ ಹಂತದ ಪರೀಕ್ಷೆಯನ್ನು ಪ್ಲೇಯರ್ ಕಡೆ ಇನ್ನೊಮ್ಮೆ ಮಾಡಿ. ವಿಡಿಯೊ ಓಡುತ್ತಿರುವಾಗ ಪ್ಲೇಯರ್ 5 ಸೆಕೆಂಡಿಗೊಮ್ಮೆ ತನ್ನ ಜಾಗವನ್ನು ಹೊರಗೆ ಹೇಳುತ್ತಿರಲಿ, ಹೊರಗಿನ ಪುಟ ಅದನ್ನು ಬರೆದಿಟ್ಟುಕೊಳ್ಳಲಿ.

ಹಳೆಯ ಫ್ಲ್ಯಾಶ್ ಪುಟಗಳು

ಕೆಲವು ಹಳೆಯ ಸೈಟ್‌ಗಳಲ್ಲಿ ‘ಫ್ಲ್ಯಾಶ್ ವಾರ್ಸ್’ ಎಂಬ ಸಾಲು ಇನ್ನೂ ಸಿಗುತ್ತದೆ. ಕುಕಿಯ ಬೆಲೆಯನ್ನು ಜಾವಾಸ್ಕ್ರಿಪ್ಟ್ ಓದಿ ಫ್ಲ್ಯಾಶ್ ಪ್ಲೇಯರ್‌ಗೆ ಕೊಡುತ್ತಿದ್ದ ದಾರಿ ಅದು. ಅಡೋಬಿ 2020ರ ಡಿಸೆಂಬರ್ 31ಕ್ಕೆ ಫ್ಲ್ಯಾಶ್ ನಿಲ್ಲಿಸಿತು, 2021ರ ಜನವರಿ 12ರಿಂದ ಅದು ಓಡುವುದೂ ನಿಂತಿತು. ರಿಪೇರಿ ಮಾಡುತ್ತಾ ಕೂರಬೇಡಿ. ಅಲ್ಲಿ ಯಾವ ಯಾವ ಹೆಸರು ಕಳಿಸುತ್ತಿದ್ದರು ಎಂದು ಬರೆದುಕೊಂಡು, ಅದೇ ಪಟ್ಟಿಯನ್ನು ನಾಲ್ಕನೇ ಅಥವಾ ಐದನೇ ಹಂತಕ್ಕೆ ತನ್ನಿ.

ಹಂತ 6: ಪರೀಕ್ಷೆ

ಫೈಲ್ ಮೇಲೆ ಡಬಲ್ ಕ್ಲಿಕ್ ಮಾಡಿ ತೆರೆದ ಪುಟದಲ್ಲಿ ಕ್ರೋಮ್ ಕುಕಿ ಉಳಿಸುವುದಿಲ್ಲ. ಲ್ಯಾಪ್‌ಟಾಪ್‌ನಲ್ಲೇ ಒಂದು ಲೋಕಲ್ ಸರ್ವರ್ ಓಡಿಸಿ. ‘ಸೆಕ್ಯೂರ್’ ಗುರುತು ಅಲ್ಲಿ ತೊಂದರೆ ಕೊಟ್ಟರೆ ಪರೀಕ್ಷೆ ಮುಗಿಯುವ ತನಕ ಮಾತ್ರ ತೆಗೆದಿಡಿ. ಎರಡು ಬೇರೆ ಸೈಟ್‌ಗಳಂತೆ ಪರೀಕ್ಷಿಸಲು ಡೊಮೇನ್ ಕೊಳ್ಳಬೇಕಿಲ್ಲ. ಹೊರಗಿನ ಪುಟವನ್ನು ‘ಲೋಕಲ್‌ಹೋಸ್ಟ್’ ಎಂದು, ಪ್ಲೇಯರನ್ನು ‘127.0.0.1’ ಎಂದು ತೆರೆದರೆ ಬ್ರೌಸರ್‌ಗೆ ಅವು ಬೇರೆ ಬೇರೆಯೇ. ಪೋರ್ಟ್ ಮಾತ್ರ ಬದಲಿಸಿದರೆ ಪೋಸ್ಟ್ ಮೆಸೇಜ್‌ಗೆ ಬೇರೆ ಸೈಟ್ ಆಗುತ್ತದೆ, ಆದರೆ ಕುಕಿ ಎರಡಕ್ಕೂ ಒಂದೇ ಉಳಿಯುತ್ತದೆ. ಈ ವ್ಯತ್ಯಾಸ ಗೊತ್ತಿಲ್ಲದೆ ‘ಇಲ್ಲಿ ಓಡಿತ್ತು, ಅಲ್ಲಿ ಓಡಲಿಲ್ಲ’ ಎಂದು ಬರುವವರು ಬಹಳ.

ಸಫಾರಿಯಲ್ಲಿ ಇನ್ನೊಂದು ಮಿತಿ ಇದೆ. ಜಾವಾಸ್ಕ್ರಿಪ್ಟ್‌ನಿಂದ ಬರೆದ ಕುಕಿಯನ್ನು ಅದು 7 ದಿನಕ್ಕಿಂತ ಜಾಸ್ತಿ ಇಡುವುದಿಲ್ಲ, ನೀವು 30 ದಿನ ಎಂದು ಬರೆದಿದ್ದರೂ ಅಷ್ಟೇ. ಭಾಷೆ ಜಾಸ್ತಿ ದಿನ ನೆನಪಿರಬೇಕಾದರೆ ಆ ಕುಕಿಯನ್ನು ಸರ್ವರ್‌ನಿಂದಲೇ ಬರೆಸಿ. ಜಾವಾಸ್ಕ್ರಿಪ್ಟ್ ಓದಬೇಕಾದ್ದರಿಂದ ಇದೊಂದಕ್ಕೆ ‘ಎಚ್‌ಟಿಟಿಪಿ ಓನ್ಲಿ’ ಬೇಡ.

ಆಮೇಲೆ ಕುಕಿಗಳನ್ನೆಲ್ಲ ಅಳಿಸಿ, ಪುಟವನ್ನು ಹೊಸಬರಂತೆ ತೆರೆಯಿರಿ. ಭಾಷೆಯ ಕುಕಿಯಲ್ಲಿ ಬೇಕೆಂದೇ ‘ಎಬಿಸಿ’ ಎಂದು ಬರೆದು ನೋಡಿ. ಸೆಕೆಂಡಿನ ಜಾಗದಲ್ಲಿ 99999 ಬರೆದು ನೋಡಿ. ಪ್ರೈವೇಟ್ ವಿಂಡೋದಲ್ಲಿ, ಕುಕಿ ಪೂರ್ತಿ ನಿಲ್ಲಿಸಿದ ಬ್ರೌಸರ್‌ನಲ್ಲಿ, ಒಂದು ಹಳೆಯ ಫೋನಿನಲ್ಲಿ ನೋಡಿ. ಎಲ್ಲ ಕಡೆಯೂ ವಿಡಿಯೊ ಮೊದಲಿನಿಂದ, ಕನ್ನಡ ಸಬ್‌ಟೈಟಲ್ ಜೊತೆ ಶುರುವಾಗಬೇಕು. ಗೆಳೆಯರ ಸೈಟ್‌ನಲ್ಲಿ ಇಷ್ಟೂ ಆದ ಮೇಲೆ, ಮರಾಠಿ ಆರಿಸಿ ಪಟ್ಟದಕಲ್ಲಿನ ಪುಟ ತೆರೆದೆವು. ವಿರೂಪಾಕ್ಷ ಗುಡಿ ಪರದೆಯ ಮೇಲೆ ಬಂತು, ಕೆಳಗೆ ಮರಾಠಿ ಸಾಲು ಬಂತು, ಪ್ಲೇಯರ್ ಏನೂ ಕೇಳಲಿಲ್ಲ.